ಶೆಲ್ಫಿನಲ್ಲಿ ಮರೆತ ಪ್ಲೇಟು

೧೪ ಮಾರ್ಚ್

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಿಮ್ಮ ಎರಡೂ ಪತ್ರಗಳಿಗೆ ಉತ್ತರ ಬರೆಯದೆ ಕೂತೆ, ತಪ್ಪಾಯಿತು. ಈ ಸಲ ನನ್ನ ಬಳಿ ಇರುವುದು ನೆಪವಲ್ಲ, ಕಾರಣ.

ಬಣ್ಣದ ಮೀನು ಮಾರುವವರೊಬ್ಬರು ನಮ್ಮ ಆಸ್ಪತ್ರೆಗೆ ಬಂದಿದ್ದರು. ಬೆರಳಿನ ಹುಣ್ಣು ನಾಲ್ಕು ತಿಂಗಳಾದರೂ ಮಾಗಿರಲಿಲ್ಲ, ಕಂಡ ಡಾಕ್ಟರೆಲ್ಲ ಕೈಚೆಲ್ಲಿದ್ದರು. ನಾನು ಲ್ಯಾಬಿನಲ್ಲಿ ಕೀವನ್ನು ರೋಗಾಣು ಬೆಳೆಸುವ ಪ್ಲೇಟಿನ ಮೇಲೆ ಗೆರೆಯಾಗಿ ಗೀರಿ, ಮೈಯ ಶಾಖದಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟೆ. ರೋಗಾಣು ಇದ್ದರೆ ಅಷ್ಟರಲ್ಲಿ ಚುಕ್ಕೆ ಮೂಡಬೇಕು. ಮೂಡಲಿಲ್ಲ. ‘ಏನೂ ಬೆಳೆದಿಲ್ಲ’ ಎಂದು ವರದಿ ಬರೆದು, ಪ್ಲೇಟನ್ನು ಎಸೆಯುವ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕಿಟಕಿ ಪಕ್ಕದ ಶೆಲ್ಫಿನಲ್ಲಿ ಮರೆತೆ. “ತಲೆ ಕತ್ತಿಗೆ ಅಂಟಿಕೊಂಡಿದೆ, ಇಲ್ದಿದ್ರೆ ಅದನ್ನೂ ಎಲ್ಲಾದ್ರೂ ಬಿಟ್ಟು ಬರ್ತಿದ್ದೆ” ಅಂತ ನೀವು ಹೇಳುವುದು ಸುಳ್ಳಲ್ಲ.

ಹನ್ನೆರಡನೇ ದಿನ ಡಬ್ಬಿ ತೆರೆದರೆ ಪ್ಲೇಟಿನ ತುಂಬ ಕೆನೆಬಣ್ಣದ ಚುಕ್ಕೆಗಳು. ಪ್ಲೇಟು ಹಿಡಿದು ನಮ್ಮ ಡಾಕ್ಟರಮ್ಮನ ಬಳಿ ಓಡಿದೆ.

ಡಾಕ್ಟರಮ್ಮ ನಕ್ಕರು. “ಧೂಳು ಬಿದ್ದಿರುತ್ತೆ ಬಿಡು. ನಾಳೆ ಅವರ ಬೆರಳು ತೆಗಿಯೋಕೆ ಎಲ್ಲಾ ತಯಾರಾಗಿದೆ.”

“ಧೂಳಾಗಿದ್ರೆ ನಾನು ಗೀರಿದ ಗೆರೆ ಮೇಲೇ ಸಾಲಾಗಿ ಬೆಳೀತಿತ್ತಾ ಮೇಡಂ? ಒಂದು ವಾರ ತಡೀರಿ.”

ತಡೆದರು. ಪ್ಲೇಟನ್ನು ದೊಡ್ಡ ಲ್ಯಾಬಿಗೆ ಕಳಿಸಿದೆವು, ಅಲ್ಲಿಂದ ಉತ್ತರ ಬಂತು: ಮೀನಿನ ತೊಟ್ಟಿಯ ನೀರಿನಲ್ಲಿರುವ ಬ್ಯಾಕ್ಟೀರಿಯ, ತಂಪಿನಲ್ಲಿ ನಿಧಾನವಾಗಿ ಬೆಳೆಯುವಂಥದ್ದು. ನನ್ನ ಬಿಸಿ ಪೆಟ್ಟಿಗೆ ಅದಕ್ಕೆ ಆಗಿಬರುವುದೇ ಇಲ್ಲ. ನಮ್ಮಲ್ಲಿ ಯಾರೂ ಅದನ್ನು ಕಂಡಿರಲಿಲ್ಲ.

ಔಷಧಿ ಬದಲಾಯಿತು, ಕೆಲವು ತಿಂಗಳಲ್ಲಿ ಹುಣ್ಣು ಮಾಗಿತು. ನಿನ್ನೆ ಮೀನಿನವರು ಬಂದು ಬೆರಳು ಮಡಚಿ, ಬಿಡಿಸಿ ತೋರಿಸಿದರು. “ಇನ್ನು ಹೆಂಡ್ತಿಗೆ ಬೆರಳು ತೋರಿಸಿ ಮಾತಾಡಬಹುದು, ಧೈರ್ಯ ಇದ್ರೆ” ಎಂದರು. ನನಗೆ ಅಳು ಬಂತು. ಈಗ ಮಾಗದ ಗಾಯ ಯಾವುದೇ ಬರಲಿ, ಎರಡು ಪ್ಲೇಟು ಇಡುತ್ತೇವೆ: ಒಂದು ಬಿಸಿಗೆ, ಒಂದು ತಂಪಿಗೆ. ಆರು ವಾರ ಕಾಯುತ್ತೇವೆ. ಚೀಟಿಯಲ್ಲಿ ರೋಗಿಯ ಕಸುಬನ್ನೂ ಬರೆಸಿಕೊಳ್ಳುತ್ತೇವೆ.

ಬೆಳಗಿನ ನಡಿಗೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಚಿನಕುರಳಿ

ಇದು ಮರೆತು ಉಳಿದ ಮಾತಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ನಿಮ್ಮ ಗಡಿಯಾರ ರಿಪೇರಿ ಅಂಗಡಿಯಲ್ಲೂ ಮೀನಿನ ತೊಟ್ಟಿ ಇತ್ತು, ಪ್ರತಿ ಭಾನುವಾರ ನೀವೇ ತೊಳೆಯುತ್ತಿದ್ದಿರಿ. ಏಳು ವರ್ಷದ ಹಿಂದೆ ನಿಮ್ಮ ಬಲಗೈ ಹುಣ್ಣಿನ ಪ್ಲೇಟನ್ನು ಎರಡನೇ ದಿನಕ್ಕೆ ಎಸೆದವಳು ನಾನೇ. ‘ಏನೂ ಬೆಳೆದಿಲ್ಲ’ ಎಂಬ ಆ ಅಕ್ಷರ ನನ್ನದು. ಎರಡು ಬೆರಳು ತೆಗೆದ ಡಾಕ್ಟರನ್ನು ನೀವು ಇವತ್ತಿಗೂ ಬೈಯುತ್ತೀರಿ. ಅವರನ್ನು ಬಿಟ್ಟುಬಿಡಿ ಅಪ್ಪ, ನನ್ನನ್ನು ಬೈದು ಬರೆಯಿರಿ. ನಿಮ್ಮ ಎಡಗೈ ಅಕ್ಷರ ಈಗ ನನಗೆ ಸಲೀಸಾಗಿ ಓದಲು ಬರುತ್ತದೆ.