ಜಲಸಂಧಿಗೆ ಎರಡು ಗುಡಿ

೨ ಏಪ್ರಿಲ್ ೧೯೮೭, ಗುರುವಾರ
ಬೆಳಗಿನ ಮೊದಲ ಟ್ರಿಪ್. ಥಿಮೆನಾ ದ್ವೀಪದಿಂದ ಎದುರಿನ ಫೂರ್ನಿಗೆ ಒಂಬತ್ತು ಜನ, ಎರಡು ಮೇಕೆ. ಮಂಜು. ಅಪ್ಪ ಹೇಳಿಕೊಟ್ಟ ಗುರುತೇ ನನಗೆ ನಕ್ಷೆ — ಎದುರು ದಡದ ಅಂಜೂರದ ಮರದ ನೆತ್ತಿಗೆ ಸರಿಯಾಗಿ ಗುಡ್ಡದ ಮೇಲಿನ ಶಿಲುಬೆಯ ಬಿಳಿ ಗುಡಿ ಕಂಡರೆ ಆಳದ ನೀರು. ಸ್ವಲ್ಪ ಬಲಕ್ಕೆ ಸರಿದರೆ ಮುಳುಗುಬಂಡೆ. ಇಪ್ಪತ್ತೆರಡು ವರ್ಷ ತಪ್ಪಿಲ್ಲ. ಇವತ್ತೂ ಗುಡಿಯನ್ನು ಮರದ ನೆತ್ತಿಗೇ ಇಟ್ಟುಕೊಂಡು ಬಂದೆ... ನೇರ ಬಂಡೆಗೆ ಹೊಡೆದೆ! ಯಾರಿಗೂ ಏನೂ ಆಗಲಿಲ್ಲ. ಮೇಕೆಗಳು ಮಾತ್ರ ಬೈದವು.

೪ ಏಪ್ರಿಲ್
ಬಂದರು ಅಧಿಕಾರಿ: "ಕಣ್ಣು ಟೆಸ್ಟ್ ಮಾಡ್ಸಿ. ಅಲ್ಲೀವರ್ಗೂ ಜನ ಹತ್ತಿಸ್ಬೇಡಿ." ಕಾಫಿ ಅಂಗಡಿಯಲ್ಲಿ ನಗು. "ಕಲ್ಲಿರೋಯಕ್ಕ, ಇನ್ಮೇಲೆ ದೋಣೀಲಿ ಬದನೇಕಾಯಿ ಬೆಳೀರಿ!" ಮೈ ಉರಿಯಿತು. ದೋಣಿ ಹೋದರೆ ನಾನು ಯಾರು? ಬರೀ ಒಬ್ಬ ವಿಧವೆ.

೮ ಏಪ್ರಿಲ್, ಮಧ್ಯಾಹ್ನ
ದೋಣಿಗೆ ತೇಪೆ ಮುಗಿಯಿತು. ಒಬ್ಬಳೇ ಹೋಗಿ ನೋಡಿದೆ. ಕಣ್ಣು ಸರಿಯಾಗೇ ಇದೆ! ಗುಡ್ಡದಲ್ಲಿ ಗುಡಿ ಎರಡು. ಹಳೆಯದು ಚಳಿಗಾಲದ ಮಳೆಗೆ ಬೂದಿಬಣ್ಣವಾಗಿದೆ. ಅದರ ಎಡಕ್ಕೆ ಮೈದುನ ಅರ್ಗಿರಿಸ್ ಹೋದ ತಿಂಗಳಷ್ಟೇ ಕಟ್ಟಿಸಿದ ಹೊಸದು, ಹೊಸ ಸುಣ್ಣ. ಮಂಜಿನಲ್ಲಿ ಕಂಡದ್ದು ಅದೊಂದೇ. ಬಿರುಗಾಳಿಯಲ್ಲಿ ತಾನು ಅದೇ ಬಂಡೆಯಿಂದ ಪಾರಾದೆನೆಂದು ಅವನು ಹರಕೆ ತೀರಿಸಿದ್ದು. ಈಗ ಆ ಗುಡಿಯೇ ದೋಣಿಗಳನ್ನು ಬಂಡೆಗೆ ಕರೆಯುತ್ತಿದೆ!
ದಡಕ್ಕೆ ಬಂದು ಅರ್ಗಿರಿಸ್‌ಗೆ, ಬಣ್ಣ ಬದಲಿಸು ಅಂದೆ.
"ಗುಡೀಗೆ ಸುಣ್ಣ ಬಿಟ್ಟು ಬೇರೆ ಬಣ್ಣನಾ? ನಿಮ್ ಕಣ್ಣು ಸರಿಯಿಲ್ಲ ಅಂತ ನನ್ ದೇವ್ರಿಗೆ ಶಿಕ್ಷೆನಾ ಅತ್ತಿಗೆ?"
ಮಂಜು ಬರಲಿ, ತೋರಿಸುತ್ತೇನೆ.

೧೬ ಏಪ್ರಿಲ್, ಪವಿತ್ರ ಗುರುವಾರ
ಬಂತು! ಈಸ್ಟರ್ ಮೊಟ್ಟೆಗೆ ಕೆಂಪು ಹಾಕುವುದನ್ನು ಅರ್ಧಕ್ಕೆ ಬಿಟ್ಟು ಅರ್ಗಿರಿಸ್‌ನನ್ನು ದೋಣಿಗೆ ಎಳೆದೆ. ಥಿಮೆನಾ ಕಡೆಯಿಂದ ಬರುವಾಗ ಚುಕ್ಕಾಣಿ ಅವನ ಕೈಗೆ. ನಾನು ಇಂಜಿನ್ ಹತ್ತಿರ.
"ಎತ್ಲಾಗ್ ಹಿಡೀತೀಯೋ?"
"ಗುಡಿ ಮರದ ನೆತ್ತೀಗೆ, ಇನ್ನೆತ್ಲಾಗೆ? ನೋಡಿ, ನನ್ ಗುಡಿ ಹೆಂಗ್ ಹೊಳೀತೈತೆ!"
ಸಮಯ ನೋಡಿ ರಿವರ್ಸ್ ಹಾಕಿ ನಿಲ್ಲಿಸಿದೆ. ದೋಣಿಯ ಮೂತಿಗೆ ಹೋಗಿ ಮುಂದೆ ಹುಟ್ಟು ಇಳಿಸಿದೆ. ಟಕ್. ಎರಡೇ ಅಡಿ ನೀರು.
ಅವನದು ಇಂಗು ತಿಂದ ಮಂಗನ ಮುಖ. ಶಿಲುಬೆಯ ಗುರುತು ಹಾಕಿಕೊಂಡ. "ಅತ್ತಿಗೆ... ಎಷ್ಟ್ ಜನ್ರನ್ನ ಮುಳುಗಿಸ್ತಿದ್ನೋ ನಾನು." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿಯವನು, ಅವನ ಕಣ್ಣಲ್ಲಿ ನೀರು. ನನಗೂ ಬಂತು.

೧೮ ಏಪ್ರಿಲ್
ದೋಣಿಯ ತಳಕ್ಕೆ ಬಳಿಯುವ ಕೆಂಪು, ನಾಲ್ಕು ಡಬ್ಬ. ಹೊಸ ಗುಡಿಗೆ ಇಬ್ಬರೂ ಸೇರಿ ಬಳಿದೆವು. ಹಳೆಯದಕ್ಕೆ ಸುಣ್ಣ. ಪಾದ್ರಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು.
"ಏನ್ರಮ್ಮ ಇದು, ಗುಡೀನೋ ದೋಣೀನೋ?"
"ಈಸ್ಟರ್ ಮೊಟ್ಟೆ ಅನ್ಕೊಳ್ಳಿ ಫಾದರ್."
ನಕ್ಕುಬಿಟ್ಟರು. ಮಂತ್ರಿಸಿದ ನೀರು ಚಿಮುಕಿಸಿ ಹೋದರು.

೨೪ ಏಪ್ರಿಲ್, ಬೆಳಿಗ್ಗೆ ಆರು
ನಿನ್ನೆ ದಟ್ಟ ಮಂಜು. ಬಂದರು ಅಧಿಕಾರಿಯನ್ನೇ ಕೂರಿಸಿಕೊಂಡು ದಾಟಿದೆ. ಕಣ್ಣಿನ ಟೆಸ್ಟ್ ಮಾತೇ ಇಲ್ಲ. ತಮ್ಮ ನಕ್ಷೆಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು: ಬಿಳಿ ಗುಡಿ ಹಿಡಿಯಿರಿ, ಕೆಂಪು ಬಿಡಿ.
ಗೆದ್ದೆ. ಬರೆದೇ ಬಿಡುತ್ತೇನೆ — ಗೆದ್ದೆ!
ಕೆಳಗೆ ಕಟ್ಟೆಯ ಮೇಲೆ ಹದಿನೇಳು ಜನ. ಹತ್ತು ಸಾಕು ಅಂದರೆ ಕೇಳುತ್ತಿಲ್ಲ. ಅರ್ಗಿರಿಸ್ ಎಲ್ಲರಿಗಿಂತ ಮುಂದೆ. ಅತ್ತಿಗೆ ಅನ್ನುತ್ತಿಲ್ಲ ಇವತ್ತು, "ಕ್ಯಾಪ್ಟನ್, ಬೇಗ ಬನ್ನಿ!" ಅಂತ ಕೂಗುತ್ತಿದ್ದಾನೆ. ಇರೋ, ಬಂದೆ —