ಹೆದರಿಕೆಗೆ ಕಷಾಯ

ಶ್ರೀಮದ್ ರಾಜಾಧಿರಾಜ, ನೆಟ್ಟಣ ರೈಲ್ವೆ ಸ್ಟೇಷನ್ ಜೀಪು ಮಂಡಲಾಧೀಶ್ವರ, ಒಂಬತ್ತು ಜನರ ಜಾಗದಲ್ಲಿ ಹದಿನೈದು ಯಾತ್ರಿಕರನ್ನು ಕೂರಿಸಿದ ಮಹಾಪರಾಕ್ರಮಿ, ಹಾರನ್ ಕೆಟ್ಟ ದಿನ ಬಾಯಲ್ಲೇ ಪೋಂಪೋಂ ಎಂದು ಲಾರಿಗಳನ್ನು ಬದಿಗೆ ಸರಿಸಿದ ಗಂಡುಗಲಿ, ತೀರ್ಥರೂಪು ಅಪ್ಪನವರ ಗ್ರೀಸು ಮೆತ್ತಿದ ಪಾದಾರವಿಂದಗಳಿಗೆ ಹಿರಿಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಸಾಕು. ಇನ್ನು ನೀನು ಅಂತಲೇ ಬರೆಯುತ್ತೇನೆ. ನೀನು ಹೋಗಿ ಎರಡು ವರ್ಷ ಆಯಿತು. ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮ ಅಂದರೆ... ಇರು, ಕ್ರಮವಾಗಿ ಹೇಳುತ್ತೇನೆ.

ಏಳನೇ ಕ್ಲಾಸಿನಲ್ಲಿ ನಾನು ಜೀಪಿನ ಡ್ಯಾಶ್‌ಬೋರ್ಡಿನೊಳಗೆ ರಬ್ಬರ್ ಹಾವು ಇಟ್ಟದ್ದು ನೆನಪುಂಟಾ? ನೀನು ಕಿರುಚಿದರೆ ನಗಬೇಕು ಅಂತ ಹಿಂದಿನ ಸೀಟಿನಲ್ಲಿ ಅಡಗಿ ಕೂತಿದ್ದೆ. ನೀನು ಕಿರುಚಲಿಲ್ಲ. ಮುಖ ಸುಣ್ಣದ ಹಾಗೆ ಬಿಳುಚಿತು, ಅಂಗಿ ಬೆವರಿಗೆ ಅಂಟಿತು, ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಹತ್ತು ನಿಮಿಷ ಕಳೆದ ಮೇಲೆ ಏನೂ ಆಗದವನ ಹಾಗೆ ಎದ್ದೆ. ಅಮ್ಮ ನನ್ನ ಕಿವಿ ಹಿಂಡಿ, ನಿನ್ನನ್ನು ಕುಂಬ್ರಕ್ಕೆ ಕರೆದುಕೊಂಡು ಹೋಗಿ ನೂಲು ಕಟ್ಟಿಸಿದಳು. ನಮ್ಮಲ್ಲಿ ಬೆಚ್ಚಿಬಿದ್ದವರಿಗೆಲ್ಲ ಅದೇ ಅಲ್ಲವಾ ಮದ್ದು, ಮಂತ್ರಿಸಿದ ಕರಿನೂಲು? ಕಟ್ಟಿದ ಅಜ್ಜ ನಿನ್ನ ನಾಡಿ ಹಿಡಿದು ಹೇಳಿದ್ದರು, "ಇವನ ಹೆದರಿಕೆ ಈಗಿನದ್ದಲ್ಲ, ಬಹಳ ಹಳೆಯದ್ದು."

ಆಮೇಲೆ ಹಾವಿಲ್ಲದೆಯೂ ಬರತೊಡಗಿತು. ಸುಬ್ರಹ್ಮಣ್ಯದ ತಿರುವುಗಳಲ್ಲಿ ನೀನು ಥಟ್ಟನೆ ಜೀಪು ನಿಲ್ಲಿಸಿ, "ಇಂಜಿನ್ ಬಿಸಿ ಆಗಿದೆ ಮಾರಾಯ್ರೆ, ಹತ್ತು ನಿಮಿಷ" ಅಂತ ಬಾನೆಟ್ ಎತ್ತಿ ಅದರ ಹಿಂದೆ ಮುಖ ಮರೆಸುತ್ತಿದ್ದೆ. "ಡ್ರೈವರೇ, ಗಾಡಿಗಿಂತ ಜಾಸ್ತಿ ನೀವೇ ಬೆವರುತ್ತೀರಲ್ಲ!" ಅಂತ ಯಾತ್ರಿಕರು ನಗುತ್ತಿದ್ದರು. ಇಂಜಿನ್ ತಣ್ಣಗೇ ಇರುತ್ತಿತ್ತು ಅಪ್ಪ. ನಾನು ಒಮ್ಮೆ ಮುಟ್ಟಿ ನೋಡಿದ್ದೆ. ನೋಡಿಯೂ ಯಾಕೆ ಯಾರಿಗೂ ಹೇಳಲಿಲ್ಲ? ಹೇಳಿದರೆ ಹಾವಿನ ಸಂಗತಿ ಪುನಃ ಎದ್ದೀತು ಅಂತ. ನಿನ್ನ ತೋಳಿನಲ್ಲಿ ನೂಲು ಐದಾಯಿತು.

ಕೊನೆಗೆ ಸುಳ್ಯದಲ್ಲಿ ಸ್ಕ್ಯಾನ್ ಮಾಡಿ, ಮಂಗಳೂರಿಗೆ ಕಳಿಸಿದರಲ್ಲ, ಅಲ್ಲಿಯ ಡಾಕ್ಟರಮ್ಮ ಚಿತ್ರ ಬಿಡಿಸಿ ತೋರಿಸಿದ್ದು ನೆನಪುಂಟಾ? ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯ ಹಾಗೆ ಒಂದು ಗ್ರಂಥಿ, ಅಡ್ರಿನಲ್. ಹೆದರಿದಾಗ ಓಡಲು ಬೇಕಾದ ರಸ ಬಿಡುವುದು ಅದರ ಕೆಲಸ. ನಿನ್ನದರಲ್ಲಿ ಗಡ್ಡೆ. ಹೆದರಲು ಏನೂ ಇಲ್ಲದಾಗಲೂ ರಸ ಸುರಿಯುತ್ತಿತ್ತು. ಬಹಳ ಅಪರೂಪದ ಕ್ಯಾನ್ಸರ್, ಗೊತ್ತಾಗುವಾಗ ಮೂಳೆಗೆ ಇಳಿದಿತ್ತು.

"ಹಾಗಾದರೆ ಹಾವಿನಿಂದ ಅಲ್ಲವಾ?" ಅಂತ ಕೇಳಿದೆ.

"ಯಾವ ಹಾವು?" ಅಂದರು ಅವರು.

ನೀನು ಮಾತ್ರ ಹಾಸಿಗೆಯಿಂದಲೇ, "ಅಪರೂಪದ್ದಂತೆ! ನೋಡಿದೆಯಾ, ನಿನ್ನ ಅಪ್ಪನಿಗೆ ಸಸಾರದ್ದು ಯಾವುದೂ ಬರುದಿಲ್ಲ" ಅಂತ ಕಣ್ಣು ಹೊಡೆದೆ.

ನೀನು ಕೇಳದೇ ಹೋದ ಸುದ್ದಿ ಇನ್ನು ಮುಂದಿನದ್ದು. ನಿನ್ನ ವರ್ಷಾಂತದ ತಿಥಿ ಕಳೆದ ಮೇಲೆ ಡಾಕ್ಟರಮ್ಮ ನನ್ನನ್ನೂ ತಂಗಿ ಚಿನ್ನುವನ್ನೂ ಕರೆಸಿದರು. ಇದು ಒಂದು ಜೀನು ಕೆಟ್ಟದ್ದರಿಂದ ಬಂದದ್ದಂತೆ, ಹುಟ್ಟುವಾಗಲೇ ನಿನ್ನಲ್ಲಿ ಇತ್ತಂತೆ. ನಿನಗೆ ಯಾರಿಂದಲೋ, ನಿನ್ನಿಂದ ಮಕ್ಕಳಿಗೆ, ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ಕುಂಬ್ರದ ಅಜ್ಜ ಹಳೆಯದ್ದು ಅಂದದ್ದು ಸುಳ್ಳಲ್ಲ ನೋಡು. ರಕ್ತ ಕೊಟ್ಟೆವು. ಚಿನ್ನುವಿಗೆ ಇಲ್ಲ. ನನಗೆ ಉಂಟು.

"ಜೀನು ಇದ್ದ ಮಾತ್ರಕ್ಕೆ ಗಡ್ಡೆ ಬಂದೇ ಬರ್ತದೆ ಅಂತ ಇಲ್ಲ. ವರ್ಷ ವರ್ಷ ನೋಡ್ತಾ ಇರಬೇಕು, ಬೇಗ ಸಿಕ್ಕಿದರೆ ತೆಗೆಯಬಹುದು" ಅಂದರು. ನಾನು ಎದ್ದು ನಿಂತು, "ಪಿತ್ರಾರ್ಜಿತ ಆಸ್ತಿ ಪೂರ್ತಿ ನನ್ನ ಹೆಸರಿಗೇ!" ಅಂತ ಘೋಷಿಸಿದೆ. ಚಿನ್ನು ನಗಲಿಲ್ಲ. ಅಳುತ್ತಾ ನನ್ನ ಬೆನ್ನಿಗೊಂದು ಗುದ್ದಿದಳು.

ನಿನಗೊಬ್ಬನಿಗೇ ಹೇಳುದು, ಅಂದಿನಿಂದ ನನಗೆ ಹೆದರುವುದು ಹೇಗೆ ಅಂತಲೇ ತಿಳಿಯುವುದಿಲ್ಲ. ಬಸ್ಸು ಬ್ರೇಕ್ ಹಾಕಿದರೆ ಎದೆ ಬಡಿಯುತ್ತದೆ. ಕೂಡಲೇ, ಇದು ನನ್ನ ಹೆದರಿಕೆಯಾ, ಗ್ರಂಥಿಯದ್ದಾ? ಆ ಯೋಚನೆಗೇ ಅಂಗೈ ಬೆವರುತ್ತದೆ. ಬೆವರಿದ್ದು ನೋಡಿ ಮತ್ತೂ ಹೆದರಿಕೆ. ನಿನಗೂ ಬಾನೆಟ್ಟಿನ ಹಿಂದೆ ಹೀಗೇ...

ಕಳೆದ ತಿಂಗಳು ಮೊದಲ ಪರೀಕ್ಷೆ. ಒಂದು ಹಗಲು ಒಂದು ರಾತ್ರಿಯ ಮೂತ್ರ ಪೂರ್ತಿ ಒಂದು ಕ್ಯಾನಿನಲ್ಲಿ ತುಂಬಿಸಿ ಪುತ್ತೂರಿನ ಲ್ಯಾಬಿಗೆ ಕೊಡಬೇಕು. ಗಡ್ಡೆ ಇದ್ದರೆ ಆ ರಸದ ಗುರುತು ಅದರಲ್ಲಿ ಸಿಗುತ್ತದೆ. ಆ ದಿನ ಮನೆಯ ಎಳನೀರೆಲ್ಲ ಖಾಲಿ. ಮರುದಿನ ಕಡಬದಿಂದ ಬಸ್ಸು ಹತ್ತಿ, ಐಸಿಟ್ಟ ಚೀಲದಲ್ಲಿ ಕ್ಯಾನು ಮಡಿಲಲ್ಲಿಟ್ಟು ಕೂತೆ. ಪಕ್ಕದ ಹೆಂಗಸು ಇಣುಕಿದಳು.

"ಎಂತದು ಮಾರಾಯ್ತಿ, ಇಷ್ಟು ಜಾಗ್ರತೆಯಲ್ಲಿ?"

"ಕಷಾಯ," ಅಂದೆ, ಗಂಭೀರವಾಗಿ.

"ಎಂತಕ್ಕೆ ಒಳ್ಳೇದು?"

"ಹೆದರಿಕೆಗೆ."

"ಹೌದಾ! ನನ್ನ ಸೊಸೆಗೆ ಸ್ವಲ್ಪ ಬೇಕಿತ್ತು."

ನಿನ್ನಾಣೆ, ನೀನು ಇದ್ದಿದ್ದರೆ ನೀನೇ ಅವಳಿಗೆ ನಮ್ಮ ಮನೆಯ ವಿಳಾಸ ಕೊಡುತ್ತಿದ್ದೆ. ನಾನು ನಗೆ ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ತಿರುಗಿದ್ದು ನಗೆಗೆ ಮಾತ್ರ ಅಲ್ಲ.

ರಿಪೋರ್ಟ್ ಬಂತು. ಎಲ್ಲ ನಾರ್ಮಲ್. ಅಮ್ಮ ನಿನ್ನ ಫೋಟೋದ ಮುಂದೆ ಪಾಯಸ ಇಟ್ಟು, "ನೋಡಿ, ನಿಮ್ಮ ಮಗಳಿಗೆ ಏನೂ ಇಲ್ಲ" ಅಂತ ಜೋರಾಗಿ ಅತ್ತಳು. ನಾನು ಎರಡು ಲೋಟ ಕುಡಿದೆ. ಚಿನ್ನು ಮುಟ್ಟಲಿಲ್ಲ.

ನಾಳೆ ಬೆಳಿಗ್ಗೆ ಆರಕ್ಕೆ ಮತ್ತೊಂದು ಹೊಸ ಕ್ಯಾನು ತುಂಬಿಸಲು ಶುರು ಮಾಡುತ್ತೇನೆ, ಇದು ನಿನಗೆ ಕೊಡುವ ಮಾತು. ಎಲ್ಲ ಸರಿ ಉಂಟಲ್ಲ, ಪುನಃ ಎಂತಕ್ಕೆ ಅಂತ ಕೇಳುತ್ತೀಯಾ? ಬಾನೆಟ್ ಎತ್ತಿ ನಿಲ್ಲಲು ನನಗೂ ಬರುತ್ತದೆ ಅಪ್ಪ. ಕಳೆದ ತಿಂಗಳು ಖಾಲಿ ಕ್ಯಾನು ಹಿಡಿದು ನಾನು ಹೋದದ್ದು ಚಿನ್ನುವಿನ ಹತ್ತಿರ. "ಅಕ್ಕಾ, ನಿಂಗೆ ಮರ್ಲಾ, ಹುಚ್ಚಾ?" ಅಂದಳು. ಆಮೇಲೆ ನನ್ನ ಮುಖ ನೋಡಿ ಕ್ಯಾನು ತೆಗೆದುಕೊಂಡಳು. ಆ ಕಷಾಯ ಅವಳದ್ದು.