ಅಪ್ಪನ ಆಸ್ಟಿನ್ ಸಟನ್ ಏರು ಹತ್ತಿದ್ದು

ನೆಲ್ಸನ್, ಲ್ಯಾಂಕಷೈರ್
೨೧ ಜೂನ್ ೨೦೦೦

ಪ್ರೀತಿಯ ಮುರಿಯಲ್,

ನೀನೂ ಲೆನ್ನೂ ಕ್ಷೇಮವೆಂದು ನಂಬಿದ್ದೇನೆ. ಮದುವೆಯ ದಣಿವು ಇಷ್ಟು ಹೊತ್ತಿಗೆ ಇಳಿದಿರಬೇಕು. ನಿನ್ನ ಕಾಗದ ಬಂದು ವಾರಗಳೇ ಆದವು. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸ ನೆಪವಾಗಿ ಎದ್ದುಬಿಡುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ. ಇವತ್ತು ಬೆಳಗಿನಿಂದ ಮಳೆ. ಹಿತ್ತಲಿಗೆ ಹೋಗುವಂತಿಲ್ಲ, ನೆಪಗಳೂ ಮುಗಿದಿವೆ.

ಅಲಿಸನ್ ಕಳಿಸಿದ ಫೋಟೊಗಳು ತಲುಪಿದವು. ಅಪ್ಪನ ಆಸ್ಟಿನ್‌ನಿಂದ ಅವಳು ಇಳಿಯುತ್ತಿರುವುದನ್ನು ಚೌಕಟ್ಟು ಹಾಕಿಸಲು ಕೊಟ್ಟಿದ್ದೇನೆ. ನಾವಿಬ್ಬರೂ ಆ ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಗಾಗಿ ಕಿತ್ತಾಡಿದವರು. ಈಗ ನಿನ್ನ ಮಗಳು ಅದರಿಂದ ಮದುಮಗಳಾಗಿ ಇಳಿದಳು. ಅಪ್ಪ ಇರಬೇಕಿತ್ತು.

ನನ್ನ ಪಕ್ಕದಲ್ಲಿ ಕೂತು ಬಂದ ಕಂದು ಸೂಟಿನವನು ಯಾರು ಎಂದು ಕೇಳಿದ್ದೀಯಲ್ಲ. ಸ್ಟ್ಯಾನ್ ಮಾಮ ಅವನನ್ನು ಬಾಡಿಗೆಯ ಡ್ರೈವರ್ ಎಂದುಕೊಂಡು ತಮ್ಮ ಕೋಟನ್ನು ಅವನ ಕೈಗೆ ಕೊಟ್ಟರಂತೆ. ಅವನೂ ತಗೊಂಡು ಮರ್ಯಾದೆಯಿಂದ ಮೊಳೆಗೆ ಹಾಕಿದನಂತೆ. ಆಮೇಲೆ ಊಟಕ್ಕೆ ಅದೇ ಮೇಜಿನಲ್ಲಿ ಮಾಮನ ಎದುರಿಗೇ ಕೂತ. ಮಾಮನ ಮುಖ ನೋಡಬೇಕಿತ್ತು ನೀನು.

ಅವನ ಹೆಸರು ಬಶಾರತ್. ಗಿರಣಿಯಲ್ಲಿ ನನ್ನ ಮಗ್ಗಗಳ ಪಕ್ಕದ ಸಾಲಿನಲ್ಲಿದ್ದವನು. ಪಾಕಿಸ್ತಾನದ ಕಡೆಯ ಮೀರ್‌ಪುರದಿಂದ ಬಂದ ಹೊಸದರಲ್ಲಿ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಮಗ್ಗಗಳ ಗದ್ದಲದಲ್ಲಿ ಇಂಗ್ಲಿಷ್ ಬರುವವರಿಗೂ ಅದರಿಂದ ಪ್ರಯೋಜನವಿರಲಿಲ್ಲ ಅನ್ನು. ನಾವೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದೆವು, ದನಿಯಿಲ್ಲದೆ, ಬಾಯಿ ಅಗಲಿಸಿ. ಅವನು ಅದನ್ನು ನನ್ನಿಂದ ಕಲಿತ. ಇಂಗ್ಲಿಷ್ ಮಾತಾಡುವ ಮೊದಲೇ ಇಂಗ್ಲಿಷಿನಲ್ಲಿ ಚಾಡಿ ಹೇಳುವುದನ್ನು ಕಲಿತುಬಿಟ್ಟ. ನನ್ನನ್ನು ಅಂದಿನಿಂದಲೂ ‘ಬಾಜಿ’ ಅನ್ನುತ್ತಾನೆ. ಅವರಲ್ಲಿ ಅಕ್ಕನಿಗೆ ಹಾಗೆನ್ನುವುದು. ಗಿರಣಿ ಮುಚ್ಚಿದ ಮೇಲೆ ಅವನು ಟ್ಯಾಕ್ಸಿ ಓಡಿಸತೊಡಗಿದ. ಎಷ್ಟೋ ಕಾಲ ನಮಗೆ ಭೇಟಿಯೇ ಇರಲಿಲ್ಲ.

ಅಲಿಸನ್ ತನ್ನ ಮದುವೆಗೆ ತಾತನ ಕಾರೇ ಬೇಕೆಂದು ಬರೆದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದೆ. ಅಷ್ಟರಲ್ಲಿ ಹೊಸವರ್ಷ ಬಂತು, ಸೀಸದ ಪೆಟ್ರೋಲ್ ನಿಂತಿತು. ಪಂಪಿನಲ್ಲಿ ಇದ್ದದ್ದನ್ನೇ ಹಾಕಿಸಿಕೊಂಡು ನಾನು ಎಂದಿನಂತೆ ಓಡಿಸುತ್ತಿದ್ದೆ. ಏರಿನಲ್ಲಿ ಸ್ವಲ್ಪ ಸೋತ ಹಾಗೆ ಅನಿಸುತ್ತಿತ್ತು. ಚಳಿಗೆ ಇರಬೇಕು ಎಂದುಕೊಂಡೆ.

ಒಂದು ದಿನ ಮಾರ್ಕೆಟ್ಟಿನಿಂದ ಬಂದು ಚಹಾಕ್ಕೆ ನೀರಿಟ್ಟಿದ್ದೆ. ತಿರುಗಿದರೆ ಅಡುಗೆಮನೆಯ ಕಿಟಕಿಯಾಚೆ ಒಂದು ಮುಖ. ಜೀವ ಹಾರಿಹೋಯಿತು. ನೋಡಿದರೆ ಬಶಾರತ್, ಗಡ್ಡ ಪೂರ್ತಿ ಬೆಳ್ಳಗಾಗಿದೆ. ಮುಂಬಾಗಿಲು ಬಡಿದೂ ಬಡಿದೂ ಸಾಕಾಗಿ ಹಿಂದೆ ಬಂದಿದ್ದ. ಗಾಜಿನ ಆಚೆಯಿಂದಲೇ, ಗಿರಣಿಯಲ್ಲಿ ಮಾಡುತ್ತಿದ್ದ ಹಾಗೆ, ಬಾಯಿ ಅಗಲಿಸಿದ.

“ಬಾಜಿ, ನಿಮ್ಮ ಗಾಡಿ ಬಡ್ಕೋತಾ ಇದೆ. ತಗಡಿನ ಡಬ್ಬೀಲಿ ಗೋಲಿ ಹಾಕಿ ಕುಲುಕ್ದಂಗೆ.”

“ಯಾವಾಗ್ನಿಂದ?” ಅಂದೆ.

“ಅದನ್ನ ನಾನು ನಿಮ್ಮನ್ನ ಕೇಳ್ಬೇಕು. ಸ್ಟೇಷನ್ ಹತ್ರದಿಂದ ನಿಮ್ಮ ಹಿಂದೇನೇ ಬಂದೆ. ಹಾರ್ನ್ ಹೊಡೆದೆ, ದೀಪ ಹಾಕ್ದೆ. ಮಹಾರಾಣಿ ಥರ ಹೋಗ್ತಾನೇ ಇದ್ದೀರಿ.”

ಒಳಗೆ ಕರೆದು ಚಹಾ ಕೊಟ್ಟೆ. ಅವನು ವಿವರಿಸಿದ. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್‌ಗಳು ಬಂದು ಕೂರುವ ಜಾಗವನ್ನು ಕಾಪಾಡುತ್ತಿತ್ತಂತೆ. ಅದಿಲ್ಲದೆ ಮೆತ್ತನೆಯ ಕಬ್ಬಿಣ ಸವೆಯುತ್ತ ಹೋಗುತ್ತದೆ. ಸಾಲದ್ದಕ್ಕೆ ಈ ಪೆಟ್ರೋಲ್ ಏರಿನಲ್ಲಿ ತಾನಾಗಿ ಹೊತ್ತಿಕೊಂಡು ಇಂಜಿನ್ನಿಗೆ ಒಳಗಿಂದ ಹೊಡೆಯುತ್ತದೆ. ಕಿವಿ ಸರಿಯಿದ್ದವರು ಆ ಸದ್ದು ಕೇಳಿದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾರೆ. ನಾನು ಇನ್ನಷ್ಟು ಒತ್ತಿದ್ದೆ. ಮದುವೆಗೆ ಕಾರನ್ನು ನಿಮ್ಮ ವಿಟ್ಬಿಯವರೆಗೆ ಓಡಿಸುತ್ತೇನೆ ಎಂದಾಗ ಬಶಾರತ್ ಚಹಾದ ಬಟ್ಟಲು ಕೆಳಗಿಟ್ಟ.

“ದಾರೀಲಿ ಆ ಕಡಿದಾದ ಸಟನ್ ಏರು ಹತ್ತಿಸ್ಬೇಕಲ್ಲ ಬಾಜಿ. ಹೀಗೇ ಹೋದ್ರೆ ಅರ್ಧದಲ್ಲಿ ಪಿಸ್ಟನ್ ತೂತು ಬೀಳುತ್ತೆ.”

“ಗ್ಯಾರೇಜಿನವನು ಹೋದ ಸಲವೇ ಇದಕ್ಕೆ ಪಿಂಚಣಿ ಕೊಟ್ಟುಬಿಡಿ ಅಂದ.”

“ಅವನ ಅಜ್ಜೀಗೆ ಕೊಡ್ಲಿ. ಬೀಗದ ಕೈ ಕೊಡಿ ಇಲ್ಲಿ.”

ಕಾರನ್ನು ಅವನ ಮನೆಗೇ ಒಯ್ದೆವು. ಇಂಜಿನ್ನಿನ ತಲೆ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟ. ಅವನ ಹೆಂಡತಿ ನಸೀಮ್ ಸೊಂಟಕ್ಕೆ ಕೈಯಿಟ್ಟು ನಿಂತಳು. “ಇಲ್ಲಿ ನಾನು ರೊಟ್ಟಿ ಲಟ್ಟಿಸ್ಲೋ, ನಿಮ್ಮ ಕಬ್ಬಿಣ ಲಟ್ಟಿಸ್ಲೋ?” ಎಂದು ಅವನನ್ನು ಬೈದು, ನನ್ನ ಕಡೆ ತಿರುಗಿ, ನನಗೆ ಕಾಣುವಂತೆ ನಿಧಾನವಾಗಿ, “ನೀವು ಊಟ ಮಾಡ್ಕೊಂಡೇ ಹೋಗ್ಬೇಕು,” ಅಂದಳು. ವಾಲ್ವ್‌ಗಳು ಕಬ್ಬಿಣದೊಳಕ್ಕೆ ಇಳಿದುಹೋಗಿದ್ದವು, ಬೆರಳಿಗೇ ತಿಳಿಯುತ್ತಿತ್ತು. ಬರ್ನ್ಲಿಯ ಒಂದು ವರ್ಕ್‌ಶಾಪಿನಲ್ಲಿ ಆ ಜಾಗ ಕೊರೆದು ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸಿಕೊಟ್ಟರು. ಇನ್ನು ಸೀಸವಿಲ್ಲದ ಪೆಟ್ರೋಲಿಗೆ ಅವು ಬಗ್ಗುವುದಿಲ್ಲವಂತೆ.

ಆದರೆ ಕಿಡಿ ಹಾರುವ ಹೊತ್ತನ್ನು ಹೊಸ ಪೆಟ್ರೋಲಿಗೆ ಹೊಂದಿಸುವುದು ಬಾಕಿಯಿತ್ತು. ಅದಕ್ಕೆ ಕಿವಿಯೇ ಬೇಕು. ಭಾನುವಾರಗಳಲ್ಲಿ ನಾನು ಬ್ಲ್ಯಾಕೊ ಗುಡ್ಡಕ್ಕೆ ಓಡಿಸುವುದು, ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಕೇಳುವುದು. ಸದ್ದು ಬಂದರೆ ಅಂಗೈ ಎತ್ತುತ್ತಿದ್ದ. ನಿಲ್ಲಿಸಿ, ಇಳಿದು, ಒಂದಿಷ್ಟೇ ತಿರುಗಿಸಿ, ಮತ್ತೆ ಹತ್ತಿಸುತ್ತಿದ್ದೆವು. ಒಮ್ಮೆ ಆಲಿಕಲ್ಲು ಬಿದ್ದಾಗಲೂ ಅಂಗೈ ಎತ್ತಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ನಕ್ಕು ನನಗೆ ಬಹಳ ಕಾಲವಾಗಿತ್ತು.

ಮದುವೆಗೆ ಅವನು ಬಂದದ್ದು ಹಾಗೆ. “ಟ್ಯಾಕ್ಸಿ ಇವತ್ತು ರಜಾ,” ಎಂದು ಸೂಟು ಹಾಕಿಕೊಂಡು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದ. ಸಟನ್ ಏರಿನ ಬುಡಕ್ಕೆ ಬಂದೆವು. ಮುಂದೊಂದು ಕುದುರೆ ಸಾಗಿಸುವ ಗಾಡಿ, ಹಿಂದೆ ಸಾಲು. ಮೊದಲನೆಯ ಗೇರಿಗೆ ಹಾಕಿದೆ. ಸ್ಟಿಯರಿಂಗ್ ನಡುಗುತ್ತಿತ್ತು. ಆ ನಡುಕ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುವ ಬಗೆಯಿರಲಿಲ್ಲ. ತಿರುವಿನಲ್ಲಿ ಮುಂದಿನ ಗಾಡಿ ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟು ನಿಧಾನವಾಯಿತು. ಓರೆಗಣ್ಣಿನಿಂದ ಬಶಾರತ್ತನ ಕೈ ನೋಡಿದೆ. ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು. ಒತ್ತಿದೆ. ಕೈ ಏಳಲಿಲ್ಲ. ಮೇಲೆ ತಲುಪಿ ಕಾರು ನಿಲ್ಲಿಸಿದಾಗ ಅವನು ನನ್ನತ್ತ ತಿರುಗಿ, ದನಿಯಿಲ್ಲದೆ, “ಬೆಣ್ಣೆ,” ಅಂದ. ನಾನು ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ.

ಇದೆಲ್ಲಕ್ಕೆ ಅವನಿಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ತಿಳಿಯದೆ ಕೇಳಿಯೇಬಿಟ್ಟೆ. “ಊರಿಗೆ ಹೊಸಬನಾಗಿದ್ದಾಗ ನಂಜೊತೆ ಮಾತಾಡಿದವರು ನೀವೊಬ್ರೇ ಬಾಜಿ,” ಅಂದ. ನನಗೆ ಅದು ದೊಡ್ಡ ವಿಷಯವೆಂದು ಯಾವತ್ತೂ ಅನಿಸಿರಲಿಲ್ಲ. ಈಗ ಭಾನುವಾರ ಊಟ ಅವರಲ್ಲೇ. ನಸೀಮಳಿಗೆ ಕಾರು ಕಲಿಸುತ್ತಿದ್ದೇನೆ, ಆಸ್ಟಿನ್‌ನಲ್ಲೇ.

ಅಲಿಸನ್ ಮತ್ತು ಅವಳ ಗಂಡನಿಗೆ ನನ್ನ ಆಶೀರ್ವಾದ ತಿಳಿಸು. ಅವರ ಮನೆ ತುಂಬಿರಲಿ. ಲೆನ್‌ಗೆ ಬೆನ್ನುನೋವು ಕಡಿಮೆಯಾಗಲಿ. ನಿನಗೆ ನನ್ನ ಮುತ್ತುಗಳು.

ನಿನ್ನ ಅಕ್ಕ,
ವಿನ್ನಿ

ತಾ.ಕ.: ಮದುವೆಯ ದಿನ ಚಾಪೆಲ್ಲಿನಲ್ಲಿ ನೀನು ಹಾಡುತ್ತಿರುವಾಗಲೇ ನಾನು ಎದ್ದು ಹೊರಗೆ ಹೋದೆನೆಂದು ನೊಂದುಕೊಂಡು ಬರೆದಿದ್ದೀಯ. ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಕಿವಿ ಮಂದ ಎಂದಷ್ಟೇ ನಿನಗೆ ಗೊತ್ತು. ಕಳೆದ ಚಳಿಗಾಲದಲ್ಲಿ ಅದು ಪೂರ್ತಿ ಹೋಯಿತು, ಮುರಿಯಲ್. ಫೋನಿನಲ್ಲಿ ಲೈನ್ ಸರಿಯಿಲ್ಲ ಎಂದು ಇಟ್ಟುಬಿಡುತ್ತಿದ್ದದ್ದು ಅದಕ್ಕೇ. ಆವತ್ತು ನಿನ್ನ ತುಟಿಯಿಂದ ಅಮ್ಮನ ಹಾಡಿನ ಒಂದೊಂದು ಪದವನ್ನೂ ಓದಿದೆ. ಪದ ಓದಬಹುದು, ರಾಗ ಓದಲು ಬರುವುದಿಲ್ಲ. ತಡೆಯಲಾರದೆ ಹೋಗಿ ಕಾರಿನಲ್ಲಿ ಕೂತು, ನಿನ್ನ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂತು, ಆದರೆ ನೀನು ಚಿಕ್ಕ ಹುಡುಗಿಯಾಗಿದ್ದಾಗಿನದು, ಉಸಿರು ಸಾಲದೆ ಸಾಲಿನ ಕೊನೆಯನ್ನು ನುಂಗಿಬಿಡುತ್ತಿದ್ದೆಯಲ್ಲ, ಅದು. ನೀನು ಹೊರಗೆ ಬಂದು ಕಾರಿನ ಕಿಟಕಿ ತಟ್ಟಿದಾಗ ನಾನು ಅದನ್ನೇ ಕೇಳುತ್ತಿದ್ದೆ. ಅದಕ್ಕೇ ನಿನ್ನ ಕಡೆ ತಿರುಗಲಿಲ್ಲ.